ಆಹಾರ ಕಾನೂನಿನಲ್ಲಿ ವಕೀಲರಿಗೆ ಕೆಲಸ ಎಲ್ಲಿದೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಆಹಾರ ಕಾನೂನನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಒಂದಾಗಿಸಿದ್ದೇವೆ.

ಪ್ರಶ್ನೆ: ಐದು ವರ್ಷದ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಬಹುದೇ? ಆಗದಿದ್ದರೆ ಈ ಕ್ಷೇತ್ರದಲ್ಲಿ ನನ್ನಂಥವರಿಗೆ ಏನಿದೆ? (ಹುಬ್ಬಳ್ಳಿಯ ವಿದ್ಯಾರ್ಥಿನಿ)

ಹಾಕಲು ಬರುವುದಿಲ್ಲ. ಆ ಹುದ್ದೆಗೆ ಯಾವ ಪದವಿ ಬೇಕೆಂಬುದನ್ನು 2011ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಗಳೇ ಹೇಳುತ್ತವೆ: ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ, ಎಣ್ಣೆ ತಂತ್ರಜ್ಞಾನ, ಕೃಷಿ ವಿಜ್ಞಾನ, ಪಶುವೈದ್ಯಕೀಯ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ವೈದ್ಯಕೀಯ ಇವುಗಳಲ್ಲಿ ಪದವಿ, ಇಲ್ಲವೇ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ. ಎಲ್‌ಎಲ್‌ಬಿ ಈ ಪಟ್ಟಿಯಲ್ಲಿಲ್ಲ. ಕೋಚಿಂಗ್ ಕೇಂದ್ರಗಳು ಏನೇ ಹೇಳಲಿ, ದುಡ್ಡು ಕಟ್ಟುವ ಮೊದಲು ನೇಮಕಾತಿ ಅಧಿಸೂಚನೆಯ ವಿದ್ಯಾರ್ಹತೆಯ ಪುಟವನ್ನು ನೀವೇ ಓದಿ.

ಹಾಗೆಂದು ಬಾಗಿಲು ಮುಚ್ಚಿಲ್ಲ. 1954ರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ ಹಾಲಿನ ಕೊಬ್ಬು ಸ್ವಲ್ಪ ಕಡಿಮೆ ಬಂದರೂ ಅದು ಕ್ರಿಮಿನಲ್ ಪ್ರಕರಣವೇ. ಸಾಮಾನ್ಯವಾಗಿ ಕನಿಷ್ಠ ಶಿಕ್ಷೆಯೇ ಆರು ತಿಂಗಳ ಜೈಲು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ನಿಯಮ, ನಿಬಂಧನೆಗಳು 2011ರ ಆಗಸ್ಟ್ 5ರಂದು ಜಾರಿಗೆ ಬಂದ ಮೇಲೆ ಕೆಲಸ ಎರಡು ಹೊಳೆಯಾಗಿ ಹರಿಯಿತು. ಕಳಪೆ ಗುಣಮಟ್ಟ, ತಪ್ಪು ಲೇಬಲ್, ದಾರಿತಪ್ಪಿಸುವ ಜಾಹೀರಾತಿನಂಥವು ದಂಡದ ಪ್ರಕರಣಗಳಾಗಿ ಅಪರ ಜಿಲ್ಲಾಧಿಕಾರಿಯ ಮಟ್ಟದ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಹೋಗುತ್ತವೆ. 'ಅಸುರಕ್ಷಿತ' ಎಂದು ವರದಿ ಬಂದ ಆಹಾರ ಮಾತ್ರ ಕ್ರಿಮಿನಲ್ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಆದೇಶ ಒಪ್ಪದಿದ್ದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಧೀಶರ ಮಟ್ಟದ ಮೇಲ್ಮನವಿ ನ್ಯಾಯಮಂಡಳಿ, ಅಲ್ಲಿಂದ 60 ದಿನದೊಳಗೆ ಹೈಕೋರ್ಟ್.

ಹೀಗಾಗಿ ಪ್ರತಿ ಜಿಲ್ಲಾ ಕೇಂದ್ರದಲ್ಲೂ ಈ ಕೆಲಸವಿದೆ. ಇದನ್ನೇ ನೆಚ್ಚಿ ಕಲಿತ ವಕೀಲರು ಮಾತ್ರ ಬೆರಳೆಣಿಕೆಯಷ್ಟು. ದೆಹಲಿಯ ನೀತಿ ಸಂಸ್ಥೆಯ ಕೆಲಸಕ್ಕಾಗಿ ಕಾಯುವ ಬದಲು ಎರಡು ವರ್ಷ ಜಿಲ್ಲೆಯಲ್ಲಿ ಕಡತ ಓದಿ ಎಂಬುದು ನಮ್ಮ ಸಲಹೆ. ಮಾದರಿ ತೆಗೆದ ಅಂಗಡಿಯ ಕಟ್ಟೆಯಲ್ಲಿ ಏನಾಗುತ್ತದೆಂದು ತಿಳಿಯದವರು ಬರೆದ ನೀತಿ ಅಲ್ಲೇ ಮುಗ್ಗರಿಸುತ್ತದೆ.

ಪ್ರಶ್ನೆ: ಆಹಾರ ತಂತ್ರಜ್ಞಾನದಲ್ಲಿ ಪದವಿ ಮಾಡಿದ್ದೇನೆ. ಮೂರು ವರ್ಷದ ಎಲ್‌ಎಲ್‌ಬಿ ಸೇರಲೋ, ಡಿಪ್ಲೊಮಾ ಸಾಕೋ? (ಮೈಸೂರು)

ಎಲ್ಲಿ ಕೂರಲು ಇಷ್ಟ ಎಂಬುದರ ಮೇಲೆ ನಿಂತಿದೆ. ಕಂಪನಿಗಳ ನಿಯಂತ್ರಣ ವ್ಯವಹಾರ ವಿಭಾಗದಲ್ಲಿ, ಅಂದರೆ ಪರವಾನಗಿ, ಲೇಬಲ್ ಪರಿಶೀಲನೆ, ಹೊಸ ಉತ್ಪನ್ನದ ಅನುಮೋದನೆ ನೋಡುವ ಕಡೆ, ನಿಮ್ಮ ಪದವಿಗೇ ಬೆಲೆ ಹೆಚ್ಚು. ಅದಕ್ಕೆ ಇಗ್ನೋದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಸೇರಿಸಿಕೊಂಡರೆ ಸಾಕು. ವಕೀಲರಾಗಿ ವಾದಿಸಬೇಕೆಂದಿದ್ದರೆ ಎಲ್‌ಎಲ್‌ಬಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ ಈ ಮೂರಕ್ಕೂ ಅಡ್ಡದಾರಿಯಿಲ್ಲ.

ಇನ್ನೊಂದು ಮಾತು. ಕಾನೂನು ಓದಿದವರು ಪ್ರಯೋಗಾಲಯದ ವರದಿ ಓದಲು ಕಲಿಯುವುದಕ್ಕಿಂತ ನಿಮ್ಮಂಥವರು ಕಾನೂನು ಕಲಿಯುವುದು ಸುಲಭ. ಟೋನ್ಡ್ ಹಾಲಿನ ವರದಿಯೊಂದು ಕೈಗೆ ಬಂತೆನ್ನಿ. ಮಾನದಂಡದ ಪ್ರಕಾರ ಕೊಬ್ಬು ಶೇ 3.0, ಕೊಬ್ಬೇತರ ಘನಾಂಶ ಶೇ 8.5 ಇರಬೇಕು. ವರದಿಯಲ್ಲಿ 2.8 ಮತ್ತು 8.1 ಇದ್ದರೆ ಅದು ಕಳಪೆ ಗುಣಮಟ್ಟ. 2006ರ ಕಾಯ್ದೆಯ 51ನೇ ಕಲಂ, 5 ಲಕ್ಷ ರೂಪಾಯಿವರೆಗೆ ದಂಡ. ಅದೇ ಹಾಲಿನಲ್ಲಿ ಡಿಟರ್ಜೆಂಟ್ ಸಿಕ್ಕಿದೆ ಎಂದಿದ್ದರೆ ಪ್ರಕರಣ 59ನೇ ಕಲಮಿಗೆ, ಕ್ರಿಮಿನಲ್ ದಾರಿಗೆ ತಿರುಗುತ್ತದೆ. ಮೊದಲನೆಯದರಲ್ಲಿ ಪ್ರಶ್ನೆ ಸಂಖ್ಯೆಯದು: ಮಾದರಿ ತೆಗೆಯುವ ಮೊದಲು ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕಿದರೇ? ಕೆನೆ ಮೇಲೆ ನಿಂತಿದ್ದಾಗ ಅಡಿಯ ಹಾಲು ತೆಗೆದರೆ ಕೊಬ್ಬು ಕಡಿಮೆಯೇ ಬರುತ್ತದೆ. ಎರಡನೆಯದರಲ್ಲಿ ಪ್ರಶ್ನೆ ವಿಧಾನದ್ದು: ಯಾವ ಪರೀಕ್ಷೆ, ಎಷ್ಟರಿಂದ ಮೇಲೆ ಅದು ಹಿಡಿಯುತ್ತದೆ, ಪುನಃ ಪರೀಕ್ಷಿಸಿದರೇ? ಇವನ್ನು ಕೇಳುವ ವಕೀಲರೇ ಗೆಲ್ಲುವುದು.

ಪ್ರಶ್ನೆ: ವಕೀಲಿಕೆಗೆ ಹೊಸಬ. ಕಿರಾಣಿ ಅಂಗಡಿಯವರೊಬ್ಬರು ಬೆಲ್ಲದ ಮಾದರಿ 'ಅಸುರಕ್ಷಿತ' ಎಂದು ಬಂದ ನೋಟಿಸ್ ತಂದಿದ್ದಾರೆ. ಕಡತದಲ್ಲಿ ಮೊದಲು ಏನು ನೋಡಬೇಕು? (ದಾವಣಗೆರೆ)

ಮೊದಲು ಕ್ಯಾಲೆಂಡರ್. ಒಂದು ಹಾಳೆಯ ಮೇಲೆ ಅಡ್ಡಗೆರೆ ಎಳೆದು ದಿನಾಂಕಗಳನ್ನು ಸಾಲಾಗಿ ಬರೆಯಿರಿ: ಮಾದರಿ ತೆಗೆದದ್ದು, ಅದನ್ನು ಪರೀಕ್ಷಿಸುವ ಆಹಾರ ವಿಶ್ಲೇಷಕರಿಗೆ ತಲುಪಿದ್ದು, ವರದಿಗೆ ಸಹಿ ಬಿದ್ದದ್ದು, ಅಂಕಿತಾಧಿಕಾರಿಗೆ (ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿಗೆ) ಬಂದದ್ದು, ನಿಮ್ಮ ಕಕ್ಷಿದಾರರ ಕೈಗೆ ಪ್ರತಿ ಸೇರಿದ್ದು. ಈ ಕೊನೆಯ ದಿನಾಂಕವೇ ಈಗ ಎಲ್ಲಕ್ಕಿಂತ ಮುಖ್ಯ. ವರದಿಯ ಪ್ರತಿ ಸಿಕ್ಕ 30 ದಿನದೊಳಗೆ ಅಂಕಿತಾಧಿಕಾರಿಗೆ ನಮೂನೆ 8ರಲ್ಲಿ ಮೇಲ್ಮನವಿ ಸಲ್ಲಿಸಿ, ಮಾದರಿಯ ಇನ್ನೊಂದು ಭಾಗವನ್ನು ರೆಫರಲ್ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳಬಹುದು. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಅಂಥದ್ದೊಂದು ಪ್ರಯೋಗಾಲಯ. ರೆಫರಲ್ ವರದಿಯೇ ಅಂತಿಮ. ಅಂಗಡಿಯವರು ನೋಟಿಸನ್ನು ಗಲ್ಲಾಪೆಟ್ಟಿಗೆಯಲ್ಲಿ ಮಡಚಿಟ್ಟು ನಲವತ್ತನೇ ದಿನ ವಕೀಲರ ಬಳಿ ಬರುವುದು ಈ ಕ್ಷೇತ್ರದಲ್ಲಿ ಅತಿ ಸಾಮಾನ್ಯವಾದ ಸೋಲು. ನೋಟಿಸ್ ಬಂದ ಲಕೋಟೆಯನ್ನೂ ಕೇಳಿ ಪಡೆಯಿರಿ. ಅಂಚೆ ಮುದ್ರೆಯ ದಿನಾಂಕ ಬೇಕಾಗುತ್ತದೆ.

ವಿಶ್ಲೇಷಕರು ಮಾದರಿ ಬಂದ 14 ದಿನದೊಳಗೆ ವರದಿ ಕೊಡಬೇಕು. ತಡವಾಗಿದ್ದರೆ ಆ ಅಂಶ ಎತ್ತಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ತಡಕ್ಕೆ ಎಲ್ಲ ನ್ಯಾಯಾಲಯಗಳೂ ಒಂದೇ ತೂಕ ಕೊಟ್ಟಿಲ್ಲ. ಕಾಲಮಿತಿಯ 77ನೇ ಕಲಂ ಗಟ್ಟಿಯಾದದ್ದು. ಅಪರಾಧ ನಡೆದ ದಿನದಿಂದ ಒಂದು ವರ್ಷ ದಾಟಿದರೆ ನ್ಯಾಯಾಲಯ ಪ್ರಕರಣ ಪರಿಗಣಿಸುವಂತಿಲ್ಲ. ಆಹಾರ ಸುರಕ್ಷತಾ ಆಯುಕ್ತರು ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಿ ಮೂರು ವರ್ಷದವರೆಗೆ ಅನುಮತಿ ಕೊಡಬಹುದು. ಆ ಅನುಮತಿ ಪತ್ರದಲ್ಲಿ ನಿಜವಾಗಿ ಕಾರಣಗಳಿವೆಯೇ, ಅಥವಾ 'ಪರಿಶೀಲಿಸಲಾಗಿದೆ, ಅನುಮತಿಸಲಾಗಿದೆ' ಎಂಬ ಒಂದೇ ಸಾಲಿದೆಯೇ ನೋಡಿ.

ಎರಡನೆಯದು ಮಾದರಿ ತೆಗೆದ ಬಗೆ. 47ನೇ ಕಲಂ ಪ್ರಕಾರ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಮಾಡಬೇಕು. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಯ ಸುಪರ್ದಿಗೆ. ನಾಲ್ಕನೆಯದು, ವ್ಯಾಪಾರಿ ಕೇಳಿದರೆ, ಅವರ ಖರ್ಚಿನಲ್ಲಿ ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ. ಎರಡು ವರದಿ ತಾಳೆಯಾಗದಿದ್ದರೆ ರೆಫರಲ್ ಪ್ರಯೋಗಾಲಯ. ಈ ನಾಲ್ಕನೇ ಭಾಗದ ಹಕ್ಕು ಬಹುಪಾಲು ಅಂಗಡಿಯವರಿಗೆ ಗೊತ್ತೇ ಇರುವುದಿಲ್ಲ. ಮಾದರಿ ತೆಗೆಯುವಾಗ ಕೊಡುವ ನಮೂನೆ 5-ಎ ನೋಟಿಸಿನಲ್ಲಿ ಅದನ್ನು ತಿಳಿಸಿದ್ದಾರೆಯೇ, ಸಾಕ್ಷಿಯ ಸಹಿ ಇದೆಯೇ, ಮಾದರಿಯ ಬೆಲೆ ಕೊಟ್ಟ ರಸೀದಿ ಇದೆಯೇ ಪರಿಶೀಲಿಸಿ. ತೆಗೆದದ್ದು ಕಾನೂನು ಮಾದರಿಯೋ ಸಮೀಕ್ಷಾ ಮಾದರಿಯೋ ಎಂಬುದೂ ಮುಖ್ಯ. ಸಮೀಕ್ಷಾ ಮಾದರಿ ಮಾರುಕಟ್ಟೆಯ ಸ್ಥಿತಿ ತಿಳಿಯಲು ತೆಗೆಯುವಂಥದ್ದು. ಪ್ರಕರಣ ಹೂಡಬೇಕಾದರೆ ವಿಧಿವತ್ತಾಗಿ ಇನ್ನೊಂದು ಮಾದರಿ ತೆಗೆಯಬೇಕು.

ಮೂರನೆಯದು ಪ್ರಯೋಗಾಲಯ. ಅದು 43ನೇ ಕಲಂ ಅಡಿ ಅಧಿಸೂಚಿತವೇ, ವಿಶ್ಲೇಷಣೆಯ ದಿನ ಮಾನ್ಯತೆ ಚಾಲ್ತಿಯಲ್ಲಿತ್ತೇ, ಆ ನಿರ್ದಿಷ್ಟ ಪರೀಕ್ಷೆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ? ಮ್ಯಾಗಿ ನೂಡಲ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2015ರ ಆಗಸ್ಟ್ 13ರಂದು ನಿಷೇಧದ ಆದೇಶವನ್ನು ರದ್ದುಪಡಿಸಿದ್ದು ಎರಡು ಕಾರಣಕ್ಕೆ: ಕಂಪನಿಯ ಮಾತು ಸರಿಯಾಗಿ ಕೇಳಿರಲಿಲ್ಲ, ಮತ್ತು ಪರೀಕ್ಷಿಸಿದ ಪ್ರಯೋಗಾಲಯಗಳು ಕಾಯ್ದೆ ಹೇಳುವ ಮಾನ್ಯತೆ ಹೊಂದಿರಲಿಲ್ಲ. ಆ ತೀರ್ಪನ್ನು ಪೂರ್ತಿ ಓದಿ. ಈ ಕ್ಷೇತ್ರಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯ ಸಿಗದು.

ಇನ್ನು ಬೆಲ್ಲಕ್ಕೆ ಬನ್ನಿ. ವರದಿ 'ಅಸುರಕ್ಷಿತ' ಎಂದದ್ದು ಏಕೆ? ಒಟ್ಟು ಸಕ್ಕರೆ ಶೇ 90ಕ್ಕಿಂತ, ಸುಕ್ರೋಸ್ ಶೇ 60ಕ್ಕಿಂತ ಕಡಿಮೆ ಬಂದಿದ್ದರೆ ಅದು ಕಳಪೆ ಗುಣಮಟ್ಟವಷ್ಟೇ, ಅಸುರಕ್ಷಿತವಲ್ಲ. ಆ ಒಂದು ಪದ ಬದಲಾದರೆ ಜೈಲಿನ ಭಯ ಹೋಗಿ ದಂಡದ ಪ್ರಶ್ನೆಯಾಗುತ್ತದೆ. ಕೃತಕ ಬಣ್ಣ ಸಿಕ್ಕಿದ್ದರೆ ವಿಷಯ ಗಂಭೀರ. ನಿಯಮದಲ್ಲಿ ಅವಕಾಶವಿಲ್ಲದ ಬಣ್ಣ ಸೇರಿದ ಆಹಾರ 'ಅಸುರಕ್ಷಿತ' ಎಂಬ ವ್ಯಾಖ್ಯೆಯೊಳಗೇ ಬರುತ್ತದೆ. ಯಾವ ಬಣ್ಣ, ಎಷ್ಟು, ಯಾವ ವಿಧಾನದಿಂದ ಪತ್ತೆ ಎಂಬುದು ವರದಿಯಲ್ಲಿರಬೇಕು. ಅಭಿಪ್ರಾಯಕ್ಕೆ ಕಾರಣ ಕೊಡದ ವರದಿಯನ್ನು ಅಲ್ಲಿಯೇ ಪ್ರಶ್ನಿಸಿ.

ಕೊನೆಗೆ, ತಪ್ಪು ಯಾರದ್ದು? ನಿಮ್ಮ ಕಕ್ಷಿದಾರರು ಬೆಲ್ಲ ಮಾಡಿದವರಲ್ಲ, ಮಾರಿದವರು. ಆಲೆಮನೆಯಿಂದಲೋ ಮಂಡಿಯಿಂದಲೋ ಕೊಂಡ ಬಿಲ್ ಇದೆಯೇ, ಅದರಲ್ಲಿ ನಮೂನೆ 'ಇ' ಪ್ರಕಾರದ ಖಾತರಿ ಇದೆಯೇ? ಎಚ್ಚರ ವಹಿಸಿದ್ದೆ ಎಂಬ ರಕ್ಷಣೆ 80ನೇ ಕಲಮಿನಲ್ಲಿದೆ. ಅದು ನಿಲ್ಲುವುದು ಕಾಗದದ ಮೇಲೆ, ಬಾಯಿಮಾತಿನ ಮೇಲಲ್ಲ. ಬಿಲ್ಲಿಲ್ಲದೆ ಕೊಂಡ ಮಾಲಿಗೆ ಮಾರಾಟಗಾರನೇ ಹೊಣೆಯಾಗಿ ಉಳಿಯುತ್ತಾನೆ. ಕಕ್ಷಿದಾರರು ಕಂಪನಿಯಾಗಿದ್ದರೆ 66ನೇ ಕಲಂ ಪ್ರಕಾರ ಹೊಣೆಗಾರ ವ್ಯಕ್ತಿಯನ್ನು ನಮೂನೆ 9ರಲ್ಲಿ ಮೊದಲೇ ಹೆಸರಿಸಿದ್ದರೇ ಎಂದೂ ನೋಡಬೇಕಿತ್ತು.

ದಂಡದ ಪ್ರಕರಣವಾಗಿ ಉಳಿದರೆ, ನ್ಯಾಯನಿರ್ಣಯ ಅಧಿಕಾರಿಯ ಮುಂದೆ 'ಬಡವ, ಬಿಟ್ಟುಬಿಡಿ' ಎಂದು ವಾದಿಸಬೇಡಿ. 49ನೇ ಕಲಂ ದಂಡದ ಮೊತ್ತ ನಿರ್ಧರಿಸುವ ಅಂಶಗಳನ್ನು ಹೆಸರಿಸಿದೆ: ಆದ ಅಕ್ರಮ ಲಾಭ, ಇತರರಿಗಾದ ನಷ್ಟ, ತಪ್ಪು ಮರುಕಳಿಸಿದೆಯೇ, ತಿಳಿದು ಮಾಡಿದ್ದೇ. ಒಂದೊಂದಕ್ಕೂ ದಾಖಲೆ ಇಡಿ. ಮಾದರಿ ತೆಗೆದ ಚೀಲದಲ್ಲಿ ಎಷ್ಟು ಕಿಲೋ ಇತ್ತು, ಲಾಭಾಂಶ ಎಷ್ಟು ಎಂದು ತೋರಿಸುವ ಬಿಲ್ಲುಗಳು ಹತ್ತು ನಿಮಿಷದ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಸಣ್ಣ ವ್ಯಾಪಾರಿ, ತಳ್ಳುಗಾಡಿಯವರಿಗೆ 69ನೇ ಕಲಂ ಅಡಿ ರಾಜಿ ಮೊತ್ತ ಕಟ್ಟಿ ಮುಗಿಸುವ ದಾರಿಯೂ ಇದೆ. ಮೊತ್ತ 1 ಲಕ್ಷ ಮೀರುವಂತಿಲ್ಲ. ಜೈಲು ಶಿಕ್ಷೆಯಿರುವ ಅಪರಾಧಕ್ಕೆ ಇದು ಅನ್ವಯಿಸದು.

ಮತ್ತೊಂದು: 59, 61, 63ನೇ ಕಲಮಿನ ಶಿಕ್ಷೆಗಳನ್ನು 2023ರ ಜನ ವಿಶ್ವಾಸ್ ಕಾಯ್ದೆ ತಿದ್ದಿದೆ. ಹಳೆಯ ಬೇರ್ ಆ್ಯಕ್ಟ್ (ಕಾಯ್ದೆಯ ಮೂಲಪಠ್ಯದ) ಪುಸ್ತಕ ಹಿಡಿದು ವಾದಕ್ಕೆ ನಿಲ್ಲಬೇಡಿ.

ಪ್ರಶ್ನೆ: ಪೊಲೀಸರು ಕಲಬೆರಕೆಗೆ ನೇರವಾಗಿ ಎಫ್‌ಐಆರ್ ಹಾಕಬಹುದೇ? (ಕಲಬುರಗಿ)

ರಾಮ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಆಹಾರ ಸುರಕ್ಷತಾ ಕಾಯ್ದೆಯ 59ನೇ ಕಲಂ ಅನ್ವಯಿಸುವ ಕಡೆ ಭಾರತೀಯ ದಂಡ ಸಂಹಿತೆಯ 272, 273ನೇ ಕಲಂಗಳಡಿ ಪ್ರಕರಣ ನಡೆಸಲು ಬರುವುದಿಲ್ಲ. 89ನೇ ಕಲಂ ಈ ಕಾಯ್ದೆಗೆ ಮೇಲುಗೈ ಕೊಟ್ಟಿದೆ. ಈಗ ಆ ಎರಡು ಕಲಂಗಳು ಭಾರತೀಯ ನ್ಯಾಯ ಸಂಹಿತೆಯಲ್ಲಿ 274 ಮತ್ತು 275 ಆಗಿವೆ. ಎಫ್‌ಐಆರ್‌ನಲ್ಲಿ ಬೇರೆ ಕಲಂಗಳೂ ಸೇರಿದ್ದರೆ ಅವುಗಳ ಲೆಕ್ಕ ಬೇರೆ.

ಪ್ರಶ್ನೆ: ಗೋಬಿ ಮಂಚೂರಿಗೆ ಬಣ್ಣ ಹಾಕುವಂತಿಲ್ಲ ಎಂದು ಸರ್ಕಾರ ಹೇಳಿದ್ದು ಹೊಸ ಕಾನೂನೇ? ನಮ್ಮ ಹೋಟೆಲ್ ಸಂಘಕ್ಕೆ ಏನೆಂದು ಸಲಹೆ ಕೊಡಲಿ? (ತುಮಕೂರು)

ಹೊಸ ಕಾನೂನಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಕೃತಕ ಬಣ್ಣದ ವಿರುದ್ಧ ಆದೇಶ ಹೊರಡಿಸಿದಾಗ ಎರಡು ಬೇರೆ ಬೇರೆ ತಪ್ಪುಗಳು ಒಂದೇ ಸುದ್ದಿಯಲ್ಲಿ ಬೆರೆತುಹೋದವು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಯಾವ ಆಹಾರಕ್ಕೂ, ಎಷ್ಟು ಸಣ್ಣ ಪ್ರಮಾಣದಲ್ಲೂ ಅದಕ್ಕೆ ಅವಕಾಶವಿಲ್ಲ. ಗೋಬಿಯಲ್ಲಿ ಸಿಕ್ಕ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಹಾಗಲ್ಲ. ಅವು ನಿಗದಿತ ಕೆಲವು ಆಹಾರಗಳಲ್ಲಿ ಮಿತಿಯೊಳಗೆ ಒಪ್ಪಿತವಾದವು, ಆದರೆ ಗೋಬಿ ಆ ಪಟ್ಟಿಯಲ್ಲಿಲ್ಲ. 'ಅಂಗಡಿಯಲ್ಲಿ ಫುಡ್ ಕಲರ್ ಎಂದೇ ಮಾರುತ್ತಾರಲ್ಲ' ಎಂಬ ಅಡುಗೆಯವರ ವಾದ ಬಿದ್ದುಹೋಗುವುದು ಇಲ್ಲಿಯೇ.

ಸಂಘಕ್ಕೆ ಹೇಳಬೇಕಾದದ್ದು ಇಷ್ಟು: ಅಡುಗೆಮನೆಯಿಂದ ಬಣ್ಣದ ಡಬ್ಬಿ ತೆಗೆಸಿ, ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ಇದೆ. ಹೊರಗಿನಿಂದ ತರುವ ಸಾಸ್, ಮಸಾಲೆ ಪೊಟ್ಟಣದ ಪದಾರ್ಥ ಪಟ್ಟಿ ಓದಿಸಿ, ಏಕೆಂದರೆ ಬಣ್ಣ ಅಲ್ಲಿಂದಲೂ ಒಳಬರುತ್ತದೆ. ಆ ಬಿಲ್ಲುಗಳನ್ನು ಕಡತದಲ್ಲಿಡಿಸಿ. 30ನೇ ಕಲಂ ಅಡಿ ಆಯುಕ್ತರು ಒಂದು ಆಹಾರವನ್ನು ನಿಷೇಧಿಸಿದರೆ ಆ ಆದೇಶ ಒಂದು ವರ್ಷ ಮೀರುವಂತಿಲ್ಲ. ಗುಟ್ಕಾ ನಿಷೇಧವನ್ನು ರಾಜ್ಯಗಳು ವರ್ಷ ವರ್ಷ ಹೊಸದಾಗಿ ಹೊರಡಿಸುವುದು ಅದಕ್ಕೇ. ಬಣ್ಣದ ನಿಯಮಕ್ಕೆ ಅಂಥ ವಾಯಿದೆ ಇಲ್ಲ. ಆದೇಶ ಇರಲಿ ಬಿಡಲಿ, ಗೋಬಿಗೆ ಬಣ್ಣ ತಪ್ಪೇ.

ಪ್ರಶ್ನೆ: ತಿಂಡಿ ತಯಾರಿಸುವ ಕಂಪನಿಯೊಂದಕ್ಕೆ ಕಾನೂನು ಸಲಹೆಗಾರಳಾಗಿ ಸೇರುತ್ತಿದ್ದೇನೆ. ಲೇಬಲ್ ಪರಿಶೀಲನೆ ಹೇಗೆ ಶುರುಮಾಡಲಿ? (ಬೆಂಗಳೂರು)

ಮೊದಲು ನಿಮ್ಮದೇ ಒಂದು ಕಾಗದ. ಪೂರ್ಣಾವಧಿ ಸಂಬಳದ ನೌಕರಿ ಹಿಡಿದವರು ವಕೀಲರಾಗಿ ವೃತ್ತಿ ನಡೆಸುವಂತಿಲ್ಲ ಎಂದು ವಕೀಲರ ಪರಿಷತ್ತಿನ ನಿಯಮ 49 ಹೇಳುತ್ತದೆ. ಸೇರುವಾಗಲೇ ಪರಿಷತ್ತಿಗೆ ತಿಳಿಸಿ.

ಲೇಬಲ್ಲನ್ನು ವಿನ್ಯಾಸದವರ ಪಿಡಿಎಫ್‌ನಿಂದ ಓದಲು ಶುರುಮಾಡಬೇಡಿ. ಉತ್ಪಾದನಾ ವಿಭಾಗದಿಂದ ನಿಜವಾದ ಪಾಕಪಟ್ಟಿ, ತೂಕ ಸಮೇತ, ತರಿಸಿ. ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿರಬೇಕು. ಪಾಕ ಬದಲಾಗಿದ್ದರೂ ಲೇಬಲ್ ಹಳೆಯದೇ ಉಳಿದಿರುವುದು ಎಲ್ಲೆಲ್ಲೂ ಕಾಣುವ ದೋಷ. ಆಮೇಲೆ 2020ರ ಲೇಬಲಿಂಗ್ ನಿಬಂಧನೆಗಳ ಪ್ರಕಾರ ಒಂದೊಂದಾಗಿ: 14 ಅಂಕಿಯ ಪರವಾನಗಿ ಸಂಖ್ಯೆ, ಸಸ್ಯಾಹಾರಕ್ಕೆ ಹಸಿರು ವೃತ್ತ, ಮಾಂಸಾಹಾರಕ್ಕೆ ಕಂದು ತ್ರಿಕೋನ, 100 ಗ್ರಾಂಗೆ ಪೋಷಕಾಂಶ, ಅಲರ್ಜಿ ಸೂಚನೆ. ಶೇಂಗಾ, ಗೋಡಂಬಿ, ಹಾಲು, ಗೋಧಿಯ ಗ್ಲುಟೆನ್, ಸೋಯಾ ನಮ್ಮ ತಿಂಡಿಗಳಲ್ಲಿ ಎಲ್ಲೆಡೆ ಇರುವುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗರಿಷ್ಠ ಮಾರಾಟ ಬೆಲೆ, ಬಿಡಿ ಪ್ರಮಾಣದ ಬೆಲೆ ಮಾತ್ರ ಬೇರೆ ಇಲಾಖೆಯ, ಅಂದರೆ ಕಾನೂನು ಮಾಪನಶಾಸ್ತ್ರದ ನಿಯಮಗಳಿಗೆ ಸೇರಿದವು. ಎರಡು ಇಲಾಖೆಗಳ ನೋಟಿಸೂ ಒಂದೇ ಪೊಟ್ಟಣಕ್ಕೆ ಬರಬಹುದು.

ಗಲಾಟೆ ಹುಟ್ಟುವುದು ಮುಂಭಾಗದ ದೊಡ್ಡ ಅಕ್ಷರಗಳಲ್ಲಿ. 2018ರ ಜಾಹೀರಾತು ಮತ್ತು ಹಕ್ಕುಸಾಧನೆ (ಉತ್ಪನ್ನದ ಬಗ್ಗೆ ಕಂಪನಿ ಹೇಳಿಕೊಳ್ಳುವ ಮಾತು) ನಿಬಂಧನೆಗಳಲ್ಲಿ 'ಸಕ್ಕರೆರಹಿತ' ಎನ್ನಲು 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು. 'ಸಕ್ಕರೆ ಸೇರಿಸಿಲ್ಲ' ಎಂಬುದು ಇನ್ನೊಂದು ಹಕ್ಕುಸಾಧನೆ: ಸಕ್ಕರೆಯ ಬದಲಿಗೆ ಹಣ್ಣಿನ ರಸದ ಸಾಂದ್ರವನ್ನೋ ಒಣಹಣ್ಣಿನ ಪೇಸ್ಟನ್ನೋ ಹಾಕಿದ್ದರೂ ಹಾಗೆ ಬರೆಯುವಂತಿಲ್ಲ. ಖರ್ಜೂರದ ಪೇಸ್ಟಿನ ಲಾಡು ಮಾಡುವ ಎಷ್ಟೋ ಹೊಸ ಕಂಪನಿಗಳು ಇಲ್ಲಿ ಎಡವುತ್ತವೆ. ತಪ್ಪು ಲೇಬಲ್ಲಿಗೆ 3 ಲಕ್ಷ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ.

ಭಾಷೆಯ ಪ್ರಶ್ನೆಯೂ ಬರುತ್ತದೆ. ಕೇಂದ್ರದ ನಿಬಂಧನೆಗೆ ಇಂಗ್ಲಿಷ್ ಅಥವಾ ಹಿಂದಿ ಸಾಕು, ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ. ಕರ್ನಾಟಕದಲ್ಲಿ ತಯಾರಾಗುವ ವಸ್ತುವಾದರೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವನ್ನೂ ನೋಡಿಕೊಳ್ಳಿ.

ಪ್ರಶ್ನೆ: ನನಗೆ ಆಸಕ್ತಿ ನೀತಿ ರೂಪಿಸುವುದರಲ್ಲಿ. ಅಲ್ಲಿಗೆ ಪ್ರವೇಶ ಎಲ್ಲಿಂದ? (ಮಂಗಳೂರು)

ಕರಡು ಅಧಿಸೂಚನೆಯಿಂದ. ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನಿಬಂಧನೆ ಮಾಡುವ ಮೊದಲು ಕರಡನ್ನು ರಾಜಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಸಾಮಾನ್ಯವಾಗಿ 60 ದಿನ. ಯಾರು ಬೇಕಾದರೂ ಬರೆಯಬಹುದು. ಆದರೆ 'ಜನರ ಆರೋಗ್ಯದ ದೃಷ್ಟಿಯಿಂದ ಮರುಪರಿಶೀಲಿಸಬೇಕು' ಎಂದು ಬರೆದ ಪತ್ರ ಕಸದ ಬುಟ್ಟಿಗೆ. ಕರಡಿನ ಕಲಂ ಸಂಖ್ಯೆ, ಈಗಿರುವ ಪದ, ಇರಬೇಕಾದ ಪದ, ಕಾರಣ, ಕೋಡೆಕ್ಸ್‌ನಲ್ಲಿ ಇದೇ ವಿಷಯಕ್ಕೆ ಏನಿದೆ, ಈ ಐದನ್ನು ಕೊಡಿ. ಕೋಡೆಕ್ಸ್ ಎಂದರೆ 1963ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳು ಸೇರಿ ಕಟ್ಟಿದ ಅಂತರರಾಷ್ಟ್ರೀಯ ಮಾನದಂಡ ಆಯೋಗ. ಅದರ ಸಾಂಬಾರ ಪದಾರ್ಥ ಸಮಿತಿಯ ಆತಿಥ್ಯ ಭಾರತದ್ದೇ. ಮೊದಲ ಸಭೆ ನಡೆದದ್ದು 2014ರಲ್ಲಿ ಕೊಚ್ಚಿಯಲ್ಲಿ. ಮೆಣಸು, ಏಲಕ್ಕಿ ಬೆಳೆಯುವ ನಮ್ಮ ಮಲೆನಾಡಿಗೆ ಆ ಸಮಿತಿಯ ಕಡತಗಳು ದೂರದವಲ್ಲ.

ಆಕ್ಷೇಪಣೆ ಫಲಿಸುವುದಕ್ಕೆ ಮೊಸರಿನ ಪ್ರಸಂಗ ನೋಡಿ. ಪೊಟ್ಟಣದ ಮೇಲೆ 'ದಹಿ' ಪ್ರಧಾನವಾಗಿರಬೇಕೆಂಬ ಪ್ರಾಧಿಕಾರದ ಸೂಚನೆಗೆ ಕರ್ನಾಟಕ, ತಮಿಳುನಾಡಿನಲ್ಲಿ ವಿರೋಧ ಬಂದು, 2023ರ ಮಾರ್ಚ್ 30ರಂದು 'ಕರ್ಡ್' ಜೊತೆ ಮೊಸರು, ತಯಿರ್ ಮುಂತಾದ ಹೆಸರು ಬಳಸಬಹುದೆಂದು ಆದೇಶ ಬದಲಾಯಿತು. ಅಲ್ಲಿ ರಾಜಕೀಯದ ಒತ್ತಡವಿತ್ತು, ನಿಜ. ಸದ್ದಿಲ್ಲದ ತಿದ್ದುಪಡಿಗಳಿಗೆ ಆ ಬಲ ಇರುವುದಿಲ್ಲ. ಅಲ್ಲಿ ಬರವಣಿಗೆಯೇ ಬಲ. ಹೀಗೆ ಬರೆದ ನಾಲ್ಕಾರು ಟಿಪ್ಪಣಿಗಳು ಕೈಲಿದ್ದರೆ ಗ್ರಾಹಕ ಸಂಘಟನೆಯಲ್ಲಾಗಲಿ ಸಂಶೋಧನಾ ಸಂಸ್ಥೆಯಲ್ಲಾಗಲಿ ಸಂದರ್ಶನಕ್ಕೆ ಬೇರೆ ಪರಿಚಯ ಬೇಕಿಲ್ಲ.

ಪ್ರಶ್ನೆ: ಯುರೋಪಿನಲ್ಲಿ ಆಹಾರ ಕಾನೂನು ಓದಿದರೆ ಊರಿಗೆ ಮರಳಿದಾಗ ಉಪಯೋಗವಿದೆಯೇ? (ನೆದರ್ಲೆಂಡ್ಸ್‌ನಲ್ಲಿರುವ ಕನ್ನಡಿಗರು)

ರಫ್ತಿನ ಕೆಲಸಕ್ಕಾದರೆ ಖಂಡಿತ. ಐರೋಪ್ಯ ಒಕ್ಕೂಟದ ಮೂಲ ಕಾನೂನು 2002ರ 178ನೇ ನಿಯಮಾವಳಿ. ಅದರ ತುರ್ತು ಎಚ್ಚರಿಕೆ ಜಾಲದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕದ ಶೇಷ ದಾಖಲಾದ ಮೇಲೆ ರಫ್ತುದಾರರಿಗೆ ಎರಡೂ ಕಡೆಯ ಮಿತಿ ತಿಳಿದವರ ಅಗತ್ಯ ಅರಿವಾಯಿತು. ಜಿಲ್ಲಾ ನ್ಯಾಯಾಲಯದ ಕೆಲಸಕ್ಕೆ ಆ ಪದವಿ ಬೇಕಿಲ್ಲ.

ಪ್ರಶ್ನೆ: ಶುಲ್ಕ ಹೇಗೆ ನಿಗದಿ ಮಾಡಬೇಕು? (ಶಿವಮೊಗ್ಗದ ವಕೀಲರು)

ಪ್ರಕರಣಕ್ಕೆ ಹಂತಗಳ ಲೆಕ್ಕದಲ್ಲಿ ತೆಗೆದುಕೊಳ್ಳಿ: ನಮೂನೆ 8ರ ಮೇಲ್ಮನವಿ ಒಂದು, ನ್ಯಾಯನಿರ್ಣಯ ಒಂದು, ನ್ಯಾಯಮಂಡಳಿ ಒಂದು. ಒಟ್ಟಿಗೆ ಮಾತಾಡಿದರೆ ಮೊದಲ ಹಂತದಲ್ಲೇ ಗೆದ್ದ ಕೆಲಸಕ್ಕೆ ಬೆಲೆ ಸಿಗದು. ಲೇಬಲ್ ಪರಿಶೀಲನೆಗೆ ಒಂದು ಲೇಬಲ್ಲಿಗೆ ಇಷ್ಟು ಎಂದು ಬರೆದುಕೊಡಿ, ಎರಡು ತಿದ್ದುಪಡಿ ಸುತ್ತು ಸೇರಿಸಿ. ಮೂರನೇ ಸುತ್ತಿಗೆ ಬೇರೆ. ಪ್ರಯೋಗಾಲಯದ ಶುಲ್ಕವನ್ನು ಕಕ್ಷಿದಾರರೇ ನೇರ ಕಟ್ಟಲಿ, ನಿಮ್ಮ ಖಾತೆಯ ಮೂಲಕ ಬೇಡ.